ಹೊರಗೋಡೆಯ ಗಿಲಾವಿಗೆ ನೀರು ಇಳಿದರೆ: ದಾವಣಗೆರೆ, ಚಿತ್ರದುರ್ಗ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುತ್ತಿರುವವರು, ಕಟ್ಟಿಸಿ ನಾಲ್ಕೈದು ಮಳೆಗಾಲ ಕಂಡವರು, ಅಜ್ಜನ ಕಾಲದ ಮನೆಯನ್ನು ಕೆಡವದೆ ಉಳಿಸಿಕೊಳ್ಳಬೇಕೆಂದಿರುವವರು ಕೆಲಸದ ಜಾಗದಲ್ಲಿ, ಪತ್ರಗಳಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂಡ ನನ್ನನ್ನು ಕೇಳಿರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಗಿಲಾವು ಎಂದು ಇಲ್ಲಿ ಹೇಳಿರುವುದು ಗೋಡೆಗೆ ಬಳಿಯುವ ಪ್ಲಾಸ್ಟರನ್ನೇ; ಕೆಲವರ ಬಾಯಲ್ಲಿ ಅದು ಗಾರೆ. ಪ್ರಶ್ನೆಗಳು ಸರಳವಾದವುಗಳಿಂದ ಕಠಿಣವಾದವುಗಳತ್ತ ಸಾಗುತ್ತವೆ, ಆದರೆ ಯಾವುದನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿಯಬೇಕಾದದ್ದು

ನಮ್ಮದು ಬಯಲುಸೀಮೆ, ಮಳೆಯೇ ಕಡಿಮೆ. ಆದರೂ ಗೋಡೆ ಯಾಕ್ರೀ ನೆನೆಯುತ್ತೆ?

ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ ಎಂಬುದಕ್ಕಿಂತ ಅದು ಹೇಗೆ ಬೀಳುತ್ತದೆ ಎಂಬುದೇ ಗೋಡೆಗೆ ಮುಖ್ಯ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದ ಅತಿ ಒಣ ಪ್ರದೇಶಗಳ ಸಾಲಿಗೆ ಸೇರುತ್ತವೆ. ದಾವಣಗೆರೆಯ ಮಳೆಯೂ ಮಲೆನಾಡಿನ ಮಳೆಯ ಹತ್ತಿರಕ್ಕೆ ಬರುವುದಿಲ್ಲ. ಆದರೆ ಬೀಳುವ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ, ಮೊದಲು ಭರಣಿ, ಕೃತ್ತಿಕೆಯ ಕಾಲದಲ್ಲಿ ಗಾಳಿ ಗುಡುಗಿನೊಡನೆ, ಆಮೇಲೆ ಉತ್ತರೆ, ಹಸ್ತ, ಚಿತ್ತೆಯ ಕಾಲದಲ್ಲಿ ಸುರಿದುಬಿಡುತ್ತದೆ. ಗಾಳಿಗೆ ಓರೆಯಾಗಿ ಹೊಡೆಯುವ ಅರ್ಧ ಗಂಟೆಯ ಮಳೆ, ದಿನವಿಡೀ ನೆಟ್ಟಗೆ ಬೀಳುವ ಸೋನೆಗಿಂತ ಗೋಡೆಯನ್ನು ಹೆಚ್ಚು ನೆನೆಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದಿತಲ್ಲ, ಅಲ್ಲಿಯವರೆಗೆ "ನಮ್ಮ ಮನೆ ಸೋರುವುದಿಲ್ಲ" ಎನ್ನುತ್ತಿದ್ದ ಹಲವರು ಆ ಮಳೆಗಾಲದಲ್ಲಿ ನನ್ನನ್ನು ಕರೆಸಿದರು. ಆ ಮನೆಗಳು ಹೊಸದಾಗಿ ಕೆಟ್ಟಿರಲಿಲ್ಲ, ಅಲ್ಲಿಯವರೆಗೆ ಅವುಗಳಿಗೆ ಪರೀಕ್ಷೆಯೇ ಆಗಿರಲಿಲ್ಲ ಅಷ್ಟೆ.

ಇದರ ಜೊತೆಗೆ ನಮ್ಮ ಬಿಸಿಲಿದೆ. ಹಗಲಿನ ಕಾವಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗುವ ಗಿಲಾವು ತಿಂಗಳುಗಟ್ಟಲೆ ಇದನ್ನೇ ಮಾಡಿ ಕೂದಲೆಳೆಯ ಬಿರುಕುಗಳನ್ನು ಬಿಡುತ್ತದೆ. ಮೊದಲ ಮಳೆ ಬರುವ ಹೊತ್ತಿಗೆ ನೀರಿಗೆ ಬಾಗಿಲು ತೆರೆದಿರುತ್ತದೆ. ಇನ್ನೊಂದು ಕಾರಣವನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ: ಮಳೆ ಕಡಿಮೆ ಎಂಬ ಧೈರ್ಯದಲ್ಲಿ ನಾವು ಸಜ್ಜಾಗಳನ್ನು ಮೋಟು ಮಾಡಿದ್ದೇವೆ, ಕೆಲವು ಹೊಸ ಮನೆಗಳಲ್ಲಿ ಅಂದಕ್ಕಾಗಿ ಬಿಟ್ಟೇಬಿಟ್ಟಿದ್ದೇವೆ.

ಸಿಮೆಂಟ್ ಅಷ್ಟು ಗಟ್ಟಿ ಇರುತ್ತಲ್ಲ, ಅದರೊಳಗೆ ನೀರು ಹೋಗೋದಾದರೂ ಹೇಗೆ?

ಗಟ್ಟಿಯಾಗಿರುವುದು ಬೇರೆ, ನೀರು ಹಿಡಿಯದಿರುವುದು ಬೇರೆ. ಸಿಮೆಂಟು, ಮರಳು ಬೆರೆತ ಗಿಲಾವಿನಲ್ಲೂ ಅದರ ಹಿಂದಿನ ಇಟ್ಟಿಗೆಯಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಅವು ನೀರನ್ನು ಎಳೆದುಕೊಳ್ಳುತ್ತವೆ, ಮೇಲಕ್ಕೂ ಎಳೆದುಕೊಳ್ಳುತ್ತವೆ. ಒಳ್ಳೆಯ ಇಟ್ಟಿಗೆಯೇ ತನ್ನ ತೂಕದ ನೂರಕ್ಕೆ 20 ಭಾಗದವರೆಗೆ ನೀರು ಕುಡಿಯಬಹುದೆಂದು ಮಾನಕಗಳು ಒಪ್ಪಿಕೊಂಡಿವೆ. ಆದ್ದರಿಂದ ಗಿಲಾವಿನ ಕೆಲಸ ನೀರನ್ನು ಪೂರ್ತಿ ತಡೆಯುವುದಲ್ಲ. ಸ್ವಲ್ಪ ಹೀರಿ, ಉಳಿದದ್ದನ್ನು ಹರಿಯಬಿಟ್ಟು, ಬಿಸಿಲು ಬಂದಾಗ ಹೀರಿದ್ದನ್ನು ಹೊರಕ್ಕೆ ಬಿಡುವುದು. ನೆನೆಯುವುದು ರೋಗವಲ್ಲ, ಒಣಗಲಾರದಿರುವುದು ರೋಗ.

ಗೋಡೆ ಮೇಲೆ ಬಿಳೀ ಪುಡಿ ಬರ್ತಿದೆ. ಇದು ಉಪ್ಪಾ, ಬೂಷ್ಟಾ?

ಒಂದು ಚಮಚ ನೀರಿನಲ್ಲಿ ಇದನ್ನು ತೀರ್ಮಾನಿಸಬಹುದು. ಪುಡಿಯನ್ನು ಕೆರೆದು ನೀರಿಗೆ ಹಾಕಿದಾಗ ಕರಗಿದರೆ ಉಪ್ಪು, ಕರಗದೆ ನಾರುನಾರಾಗಿ ತೇಲಿದರೆ ಬೂಷ್ಟು. ನೀರಿಗೆ ಕರಗದೆ, ವಿನೆಗರ್ ಹನಿಸಿದಾಗ ನೊರೆಗಟ್ಟಿದರೆ ಅದು ಸಿಮೆಂಟಿನೊಳಗಿನ ಸುಣ್ಣ ಹೊರಬಂದು ಗಟ್ಟಿಯಾದದ್ದು. ಉಪ್ಪು ಮಣ್ಣಿನಿಂದ ಬಂದಿರಬಹುದು, ಬೋರ್‌ವೆಲ್ ನೀರಿನಿಂದ ಬಂದಿರಬಹುದು, ತೊಳೆಯದೆ ಬಳಸಿದ ಹಳ್ಳದ ಮರಳಿನಿಂದಲೂ ಬಂದಿರಬಹುದು. ಎಲ್ಲಿಂದ ಬಂದರೂ ಅದನ್ನು ಹೊತ್ತು ತಂದದ್ದು ನೀರೇ. ನೀರು ಆರುವಾಗ ಉಪ್ಪು ಹರಳುಗಟ್ಟುತ್ತದೆ. ಆ ಹರಳುಗಳು ಗಿಲಾವಿನ ಒಳಗೇ ಬೆಳೆದರೆ ಅದನ್ನು ಒಳಗಿನಿಂದ ಒಡೆದು ಪುಡಿ ಮಾಡುತ್ತವೆ. ಉಪ್ಪನ್ನು ನೀರು ಹಾಕಿ ತೊಳೆಯುವುದು ಸಾಮಾನ್ಯ ತಪ್ಪು, ಏಕೆಂದರೆ ಕರಗಿದ ಉಪ್ಪು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಬೇಕು.

ಕಪ್ಪು ಗೆರೆ, ಪಾಚಿ ಕಟ್ಟಿದೆ. ತೊಳೆದರೆ ಸಾಕಾ?

ತೊಳೆಯುವ ಮೊದಲು ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಏಕೆಂದರೆ ಆ ಗೆರೆಗಳು ನೀರು ಹರಿದ ದಾರಿಯ ನಕಾಶೆ. ಕಿಟಕಿಯ ಎರಡೂ ತುದಿಗಳಿಂದ ಮೀಸೆಯಂತೆ ಇಳಿದ ಗೆರೆ ಕಿಟಕಿಯ ಕೆಳಗಲ್ಲನ್ನು ದೂರುತ್ತದೆ, ಪ್ಯಾರಾಪೆಟ್‌ನಿಂದ ಇಳಿದದ್ದು ಅದರ ತಲೆಯ ಇಳಿಜಾರನ್ನು ದೂರುತ್ತದೆ. ಪಾಚಿ ಉತ್ತರದ, ಬಿಸಿಲು ಕಾಣದ ಗೋಡೆಯಲ್ಲಿದ್ದರೆ ಹೆಚ್ಚು ಗಾಬರಿ ಬೇಡ. ದಿನವಿಡೀ ಬಿಸಿಲು ಬೀಳುವ ಗೋಡೆಯಲ್ಲಿ ಪಾಚಿ ಕಂಡರೆ ಅಲ್ಲಿ ನೀರು ನಿಲ್ಲದೆ ಬರುತ್ತಿದೆ ಎಂದೇ ತಿಳಿಯಬೇಕು.

## ಕಾರಣ ಪತ್ತೆ ಹಚ್ಚುವುದು

ಒದ್ದೆ ಎಲ್ಲಿಂದ ಬರ್ತಿದೆ ಅಂತ ಗೊತ್ತು ಮಾಡೋದು ಹೇಗೆ? ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಹೇಳ್ತಾರೆ.

ಮೇಸ್ತ್ರಿಗಳು ಬೇರೆ ಬೇರೆ ಹೇಳುವುದಕ್ಕೆ ಕಾರಣವಿದೆ: ಅವರು ಗೋಡೆಯನ್ನು ನೋಡುವುದು ಒಂದೇ ದಿನ, ನೀವು ನೋಡುವುದು ವರ್ಷವಿಡೀ. ಆದ್ದರಿಂದ ಪತ್ತೆಯ ಕೆಲಸ ನಿಮ್ಮದೇ. ಒದ್ದೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮಳೆ ಬಂದ ಮರುದಿನ, ಮೂರನೆಯ ದಿನ, ಹತ್ತನೆಯ ದಿನ ಮತ್ತೆ ಗುರುತಿಸಿ. ಒಂದು ಮಳೆಗಾಲದಲ್ಲಿ ಆ ಗೆರೆಗಳು ಯಾವ ಉಪಕರಣವೂ ಹೇಳದಷ್ಟನ್ನು ಹೇಳುತ್ತವೆ.

ಗಾಳಿಮಳೆ ಹೊಡೆದ ಕೆಲವು ಗಂಟೆಗಳಲ್ಲೇ ಕಾಣಿಸಿಕೊಂಡು, ನಾಲ್ಕು ದಿನದ ಬಿಸಿಲಿಗೆ ಮಾಯವಾಗುವ ಕಲೆ ಗೋಡೆಯ ಮುಖದ ಬಿರುಕಿನಿಂದಲೋ ಕಿಟಕಿಯ ಸಂದಿನಿಂದಲೋ ಬಂದದ್ದು. ಅದು ಒಂದೇ ದಿಕ್ಕಿನ ಗೋಡೆಗಳಲ್ಲಿ, ಗಾಳಿಗೆ ಎದುರಾದ ಕಡೆ ಇರುತ್ತದೆ. ಮಳೆ ನಿಂತು ವಾರ ಕಳೆದರೂ ಆರದೆ, ಗೋಡೆಯ ತಲೆಯಲ್ಲಿ, ಸ್ಲ್ಯಾಬಿನ ಅಂಚಿನುದ್ದಕ್ಕೆ ಹರಡಿರುವ ಒದ್ದೆ ತಾರಸಿಯಲ್ಲಿ ನಿಂತ ನೀರಿನದು. ನೆಲದಿಂದ ಮೇಲಕ್ಕೆದ್ದು, ಸಾಮಾನ್ಯವಾಗಿ ಒಂದು ಮೀಟರಿನೊಳಗೆ ನಿಂತು, ಮೇಲಂಚಿನಲ್ಲಿ ಉಪ್ಪಿನ ಗೆರೆ ಎಳೆದುಕೊಂಡಿರುವುದು ಮಣ್ಣಿನಿಂದ ಏರಿದ ತೇವ. ಮಾರ್ಚ್, ಏಪ್ರಿಲ್‌ನ ಸುಡುಬಿಸಿಲಿನಲ್ಲೂ ಕಲೆ ಒಂದೇ ಗಾತ್ರದಲ್ಲಿದ್ದರೆ ಮಳೆಯನ್ನು ಬಿಟ್ಟುಬಿಡಿ, ಅದರ ಹಿಂದೆ ಬಚ್ಚಲೋ ನೀರಿನ ಪೈಪೋ ಇದ್ದೇ ಇರುತ್ತದೆ. ಅನುಮಾನವಿದ್ದರೆ ರಾತ್ರಿ ಮಲಗುವಾಗ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟವನ್ನು ಕೋಲಿನಿಂದ ಅಳೆದು, ಬೆಳಿಗ್ಗೆ ಯಾರೂ ಏಳುವ ಮೊದಲು ಮತ್ತೆ ಅಳೆಯಿರಿ.

ಕಾಲುವೆ ನೀರಿನ ಗದ್ದೆಗಳ ಪಕ್ಕದ ಬಡಾವಣೆಗಳಲ್ಲಿ ಇನ್ನೊಂದು ಲೆಕ್ಕವೂ ಸೇರುತ್ತದೆ. ಅಲ್ಲಿ ಗೋಡೆಯ ಬುಡ ಒದ್ದೆಯಾಗುವುದು ಮಳೆಗೆ ತಕ್ಕಂತೆ ಇರಲಿಕ್ಕಿಲ್ಲ, ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಿಗೆ ತಕ್ಕಂತೆ ಇರಬಹುದು. ತಾರೀಕು ಬರೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಳೆ ಬರೋತನಕ ಕಾಯೋ ಬದಲು ಪೈಪ್ ಹಿಡಿದು ನೀರು ಹೊಡೆದು ನೋಡಬಹುದಾ?

ನೋಡಬಹುದು, ಆದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ನೀರು ಇಡೀ ಗೋಡೆಯ ಮೇಲೆ ಇಳಿದು, ಯಾವ ಸಂದಿನಿಂದ ಒಳಹೊಕ್ಕಿತೆಂಬುದೇ ತಿಳಿಯುವುದಿಲ್ಲ. ಗೋಡೆ ಚೆನ್ನಾಗಿ ಒಣಗಿರುವ ದಿನ, ಮೊದಲು ಬುಡಕ್ಕೆ, ಆಮೇಲೆ ಕಿಟಕಿಯ ಕೆಳಗಲ್ಲಿಗೆ, ಅದರ ಪಕ್ಕಗಳಿಗೆ, ಸಜ್ಜಾದ ಮೇಲಿನ ಸಂದಿಗೆ, ಕೊನೆಗೆ ಪ್ಯಾರಾಪೆಟ್‌ಗೆ, ಒಂದೊಂದು ಕಡೆಗೂ ಅರ್ಧ ಗಂಟೆಯಷ್ಟು ಹೊತ್ತು ಮೆಲ್ಲಗೆ ನೀರು ಬಿಡಬೇಕು. ಒಬ್ಬರು ಒಳಗೆ ಕುಳಿತು ನೋಡುತ್ತಿರಬೇಕು. ವಾಹನ ತೊಳೆಯುವ ಪಂಪಿನ ರಭಸ ಬೇಡ, ಅದು ಮಳೆ ಎಂದೂ ಮಾಡದ ತೂತನ್ನು ಮಾಡುತ್ತದೆ. ತಾರಸಿಯ ಬಗ್ಗೆ ಅನುಮಾನವಿದ್ದರೆ ನೀರು ಹೋಗುವ ಬಾಯಿಗಳನ್ನು ಮುಚ್ಚಿ, ಎರಡಂಗುಲ ನೀರನ್ನು ಎರಡು ದಿನ ನಿಲ್ಲಿಸಿ ನೋಡುವ ರೂಢಿಯಿದೆ. ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಮಾತ್ರ ಈ ಸಾಹಸ ಮಾಡಬೇಡಿ.

ಬೆರಳಿಂದ ಬಡಿದರೆ ಟೊಳ್ಳು ಸದ್ದು ಬರುತ್ತೆ. ಪೂರ್ತಿ ಕಿತ್ತು ಹಾಕಬೇಕಾ?

ಟೊಳ್ಳು ಸದ್ದು ಬಂದ ಕಡೆ ಗಿಲಾವು ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ, ಆದರೆ ಬಿಟ್ಟದ್ದೆಲ್ಲ ಬೀಳುವುದಿಲ್ಲ. ಸೀಮೆಸುಣ್ಣ ಹಿಡಿದು ಇಡೀ ಗೋಡೆಯನ್ನು ಬಡಿದು, ಟೊಳ್ಳಿನ ಎಲ್ಲೆಯನ್ನು ಸುತ್ತಿ ಗುರುತು ಮಾಡಿಕೊಳ್ಳಿ. ಅಂಗೈಯಗಲದ ಟೊಳ್ಳು, ಸುತ್ತ ಬಿರುಕಿಲ್ಲದೆ, ಒಣಗಿಯೇ ಇದ್ದರೆ ಬಿಟ್ಟುಬಿಡಬಹುದು. ಬಿರುಕಿನ ಜೊತೆಗಿದ್ದರೆ, ಉಬ್ಬಿದ್ದರೆ, ಅಥವಾ ಜನ ಓಡಾಡುವ ದಾರಿಯ ಮೇಲಿದ್ದರೆ ಗಟ್ಟಿ ಸದ್ದು ಬರುವವರೆಗೂ ಚೌಕವಾಗಿ ಕತ್ತರಿಸಿ ತೆಗೆಯಬೇಕು. ಉಳಿಯಿಂದ ಅಡ್ಡಾದಿಡ್ಡಿ ಒಡೆದರೆ ಪಕ್ಕದ ಗಟ್ಟಿ ಗಿಲಾವೂ ಸಡಿಲವಾಗುತ್ತದೆ, ಆದ್ದರಿಂದ ಅಂಚನ್ನು ಕತ್ತರಿಸುವ ಯಂತ್ರದಿಂದ ಗೀರಿಕೊಳ್ಳುವುದು ಒಳ್ಳೆಯದು.

ಮನೆ ತುಂಬ ಬಿರುಕು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಬಿರುಕಿನ ಆಕಾರವನ್ನು ಮೊದಲು ನೋಡಿ. ಒಣಗಿದ ಕೆರೆಯಂಗಳದಂತೆ ಬಲೆಬಲೆಯಾಗಿ, ಗಿಲಾವಿನ ಮೇಲ್ಮೈಯಲ್ಲಷ್ಟೇ ಇರುವ ಬಿರುಕು ಸಿಮೆಂಟು ಹೆಚ್ಚಾದದ್ದರಿಂದಲೋ, ಎಂ-ಸ್ಯಾಂಡಿನಲ್ಲಿ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳಿನಲ್ಲಿ) ದೂಳು ಹೆಚ್ಚಿದ್ದರಿಂದಲೋ, ನೀರುಣಿಸದೆ ಬಿಟ್ಟದ್ದರಿಂದಲೋ ಬಂದಿರುತ್ತದೆ. ನೋಡಲು ಅಸಹ್ಯ, ಗೋಡೆಗೆ ಅಪಾಯವಿಲ್ಲ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವ ಕಡೆ ನೇರವಾಗಿ ನಿಂತ ಬಿರುಕಿಗೆ ಕಾರಣ, ಎರಡು ವಸ್ತುಗಳು ಬಿಸಿಲಿಗೆ ಬೇರೆ ಬೇರೆಯಾಗಿ ಹಿಗ್ಗುವುದು. ಸ್ಲ್ಯಾಬಿನ ಕೆಳಗೆ ಅಡ್ಡಲಾಗಿ ಓಡುವ ಗೆರೆಯೂ ಇದೇ ಜಾತಿಯದು, ಬೇಸಿಗೆಯಲ್ಲಿ ಕಾದ ತಾರಸಿ ಹಿಗ್ಗಿ ಗೋಡೆಯ ತಲೆಯನ್ನು ಎಳೆಯುತ್ತದೆ. ಇವೆರಡೂ ಗೋಡೆಯನ್ನು ಬೀಳಿಸುವುದಿಲ್ಲ, ಆದರೆ ನೀರಿಗೆ ರಾಜಮಾರ್ಗ.

ನಿಜವಾಗಿ ಹೆದರಬೇಕಾದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯ ಸಂದುಗಳಲ್ಲಿ ಇಳಿದು, ಒಳಗೂ ಹೊರಗೂ ಕಾಣುವ ಬಿರುಕಿಗೆ. ದಾವಣಗೆರೆಯ ಸುತ್ತಿನ ಎರೆ ಭೂಮಿಯಲ್ಲಿ ಇದು ಸಾಮಾನ್ಯ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣೇ ನಿಮ್ಮ ಪಾಯದ ಕೆಳಗೂ ಇದೆ. ಬಿರುಕಿಗೆ ಅಡ್ಡಲಾಗಿ ಎರಡು ಚುಕ್ಕೆ ಇಟ್ಟು, ನಡುವಿನ ಅಂತರವನ್ನು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಅಳೆಯಿರಿ. ಅಂತರ ಬದಲಾಗುತ್ತಿದ್ದರೆ ಅದು ಜೀವಂತ ಬಿರುಕು. ಅದನ್ನು ಗಿಲಾವಿನಿಂದ ಮುಚ್ಚುವುದು ವ್ಯರ್ಥ, ಪಾಯದ ವಿಚಾರವನ್ನು ಇಂಜಿನಿಯರಿಗೆ ತೋರಿಸಬೇಕು.

ತೇವ ಅಳೆಯೋ ಮೀಟರ್ ತಂದೆ. ಎಲ್ಲಿಟ್ಟರೂ ಜಾಸ್ತಿ ತೋರಿಸುತ್ತೆ, ನಂಬೋದಾ?

ಎರಡು ಸೂಜಿಯ ಮೀಟರು ಅಳೆಯುವುದು ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಉಪ್ಪು ಹಿಡಿದ ಗೋಡೆಯಲ್ಲಿ ತೇವ ಸ್ವಲ್ಪವೇ ಇದ್ದರೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಮೀಟರು ಕಿರುಚುತ್ತದೆ. ಅಂಕಿಯನ್ನು ನಂಬದೆ, ಒಂದೇ ಗೋಡೆಯ ಬೇರೆ ಬೇರೆ ಜಾಗಗಳನ್ನು ಹೋಲಿಸಲು ಮಾತ್ರ ಬಳಸಿದರೆ ಉಪಯೋಗವಿದೆ.

## ದುರಸ್ತಿ

ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸಾಕಲ್ವಾ? ಜಾಹೀರಾತಿನಲ್ಲಿ ಹಾಗೇ ತೋರಿಸ್ತಾರೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಸ್ವಂತ ಮನೆಯ ಪಶ್ಚಿಮದ ಗೋಡೆಗೆ, ಕಾರಣ ಹುಡುಕುವ ತಾಳ್ಮೆಯಿಲ್ಲದೆ, ದುಬಾರಿ ಬಣ್ಣವನ್ನು ಎರಡು ಕೋಟ್ ಹೊಡೆಸಿದೆ. ಮೊದಲ ಮಳೆಗಾಲ ಚೆನ್ನಾಗಿತ್ತು. ಎರಡನೆಯದರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಚುಚ್ಚಿದರೆ ಒಳಗಿನಿಂದ ನೀರು ಬಂತು. ನೀರು ಬರುತ್ತಿದ್ದದ್ದು ಪ್ಯಾರಾಪೆಟ್‌ನ ತಲೆಯಿಂದ, ನಾನು ಮುಚ್ಚಿದ್ದು ಅದು ಆವಿಯಾಗಿ ಹೊರಹೋಗುತ್ತಿದ್ದ ದಾರಿಯನ್ನು. ಬಣ್ಣ ಕೆಟ್ಟದ್ದೆಂದು ನಾನು ಹೇಳಲಾರೆ. ಹಿಂದಿನಿಂದಲೋ ಮೇಲಿನಿಂದಲೋ ಕೆಳಗಿನಿಂದಲೋ ಬರುವ ನೀರಿಗೆ ಮುಂದಿನ ಮುಖಕ್ಕೆ ಬಳಿದ ಯಾವ ಬಣ್ಣವೂ ಉತ್ತರವಲ್ಲ. ಗೋಡೆಯ ಮುಖದಲ್ಲಷ್ಟೇ ಸಣ್ಣ ಬಿರುಕುಗಳಿದ್ದು, ಉಳಿದೆಲ್ಲ ಅಂಚುಗಳು ಸರಿಯಿದ್ದು, ಗೋಡೆ ಪೂರ್ತಿ ಒಣಗಿದ್ದಾಗ ಮಾತ್ರ ಅದು ಒಳ್ಳೆಯ ಕೆಲಸ ಮಾಡುತ್ತದೆ.

ಬಿರುಕಿಗೆ ಪುಟ್ಟಿ ತುಂಬಿದರೂ ಮರುವರ್ಷ ಅಲ್ಲೇ ಬರುತ್ತೆ. ಸರಿಯಾದ ಕ್ರಮ ಏನು?

ಪುಟ್ಟಿ ಬಣ್ಣದ ಕೆಳಗಿನ ನುಣುಪಿಗಾಗಿ ಇರುವುದು, ಬಿರುಕು ತುಂಬುವುದಕ್ಕಲ್ಲ. ಬಿರುಕನ್ನು ಮೊದಲು ಅಗಲಿಸಬೇಕು: ಬಾಯಿ ಅಗಲವಾಗಿ ತಳ ಕಿರಿದಾಗಿ, ಕಾಲಂಗುಲದಷ್ಟು ಗೀರಿ, ದೂಳನ್ನು ಊದಿ ತೆಗೆಯಬೇಕು. ಇನ್ನು ಬೆಳೆಯದೆ ನಿಂತ ಬಿರುಕಾದರೆ ಅಂಟು ಬೆರೆಸಿದ ಸಿಮೆಂಟ್ ಗಾರೆಯಿಂದ ತುಂಬಬಹುದು. ಕಂಬ ಮತ್ತು ಗೋಡೆಯ ನಡುವಿನದ್ದಾದರೆ, ಎರಡೂ ಕಡೆಗೆ ಗೇಣುದ್ದ ಗಿಲಾವು ಬಿಡಿಸಿ, ಕೋಳಿಜಾಲರಿಯನ್ನು ಬಿಗಿಯಾಗಿ ಮೊಳೆ ಹೊಡೆದು, ಅದರ ಮೇಲೆ ಹೊಸ ಗಿಲಾವು ಮಾಡಬೇಕು. ಜಾಲರಿ ಜೋಲಾಡಿದರೆ ಹಾಕಿದ್ದೂ ಒಂದೇ, ಹಾಕದಿದ್ದೂ ಒಂದೇ. ಕಿಟಕಿಯ ಚೌಕಟ್ಟಿನ ಸುತ್ತಲಿನಂತೆ ಸದಾ ಅಲುಗಾಡುವ ಸಂದುಗಳಿಗೆ ಗಟ್ಟಿಯಾಗುವ ವಸ್ತು ಬೇಡ, ರಬ್ಬರಿನಂತೆ ಹಿಗ್ಗುವ ಸೀಲಂಟ್ ಬೇಕು. ಅದನ್ನು ಬಿಸಿಲು ಕೆಲವು ವರ್ಷಗಳಲ್ಲಿ ತಿಂದುಹಾಕುತ್ತದೆ, ಆಗ ಕಿತ್ತು ಹೊಸದಾಗಿ ತುಂಬಬೇಕು.

ಪ್ಯಾರಾಪೆಟ್ ಗೋಡೆ ಮಾತ್ರ ಯಾವಾಗಲೂ ಮೊದಲು ಕೆಡುತ್ತೆ. ಯಾಕೆ?

ಮನೆಯ ಬೇರೆ ಗೋಡೆಗಳಿಗೆ ಒಂದು ಮುಖ ಮಾತ್ರ ಹೊರಗಿರುತ್ತದೆ. ಪ್ಯಾರಾಪೆಟ್‌ಗೆ ಎರಡು ಮುಖಗಳ ಜೊತೆಗೆ ತಲೆಯೂ ಹೊರಗಿದೆ. ಆ ತಲೆಯನ್ನು ಸಪಾಟಾಗಿ ಬಿಟ್ಟರೆ ನೀರು ಅಲ್ಲಿ ನಿಂತು, ಇಟ್ಟಿಗೆಯ ಸಂದುಗಳಲ್ಲಿ ಇಳಿದು, ಕೆಳಗಿನ ಕೋಣೆಯ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ತಲೆಗೆ ಕಲ್ಲೋ ಕಾಂಕ್ರೀಟೋ ಹೊದಿಸಿ, ತಾರಸಿಯ ಕಡೆಗೆ ವಾಟ (ಇಳಿಜಾರು) ಕೊಟ್ಟು, ಎರಡೂ ಕಡೆಗೆ ಎರಡಂಗುಲ ಹೊರಚಾಚಿ, ಚಾಚಿದ ಭಾಗದ ಅಡಿಯಲ್ಲಿ ಹನಿ ಕಳಚಿ ಬೀಳಲು ಗೀರು ಮಾಡಿಸಬೇಕು. ತಾರಸಿಯೂ ಪ್ಯಾರಾಪೆಟ್‌ ಗೋಡೆಯೂ ಕೂಡುವ ಮೂಲೆಯನ್ನು ಗುಂಡಗೆ ತಿದ್ದಿ, ನೀರುನಿರೋಧಕ ಪದರವನ್ನು ಅಲ್ಲಿಂದ ಗೇಣುದ್ದ ಗೋಡೆಯ ಮೇಲಕ್ಕೆ ಏರಿಸಬೇಕು. ನೀರು ಹೋಗುವ ಬಾಯಿಗಳ ಲೆಕ್ಕವನ್ನೂ ಮರೆಯಬಾರದು: ನೂರು ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್ ನೀರು ಆ ಬಾಯಿಗಳಲ್ಲೇ ಹೋಗಬೇಕು. ಒಂದು ಪ್ಲಾಸ್ಟಿಕ್ ಚೀಲ ಅಡ್ಡ ಬಂದರೆ ತಾರಸಿ ಕೆರೆಯಾಗುತ್ತದೆ.

ಗೋಡೆ ಬುಡ ಎರಡು ಅಡಿವರೆಗೂ ಉದುರುತ್ತಿದೆ. ಸುತ್ತ ಟೈಲ್ಸ್ ಹಾಕಿಸಿಬಿಡಲಾ?

ಬೇಡ. ಟೈಲ್ಸ್ ಹಾಕಿದರೆ ಎರಡು ಅಡಿಯಲ್ಲಿ ಆರುತ್ತಿದ್ದ ತೇವ ಅಲ್ಲಿ ಆರಲಾರದೆ ಟೈಲ್ಸಿನ ಮೇಲಕ್ಕೆ, ಮೂರು ನಾಲ್ಕು ಅಡಿಗೆ ಏರುತ್ತದೆ. ಮೊದಲು ನೆಲದ ಮಟ್ಟವನ್ನು ನೋಡಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದೆ, ಅಂಗಳಕ್ಕೆ ಮಣ್ಣು ತುಂಬಿಸಿದ್ದೀರಿ, ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿ ದಿನವೂ ನೀರು ಹಾಕುತ್ತಿದ್ದೀರಿ; ಪಾಯದ ಮೇಲಿನ ತೇವ ತಡೆಯುವ ಪಟ್ಟಿ ಹೀಗೆ ಮಣ್ಣಿನ ಕೆಳಗೆ ಹೂತುಹೋದರೆ ಅದು ಇದ್ದೂ ಇಲ್ಲದಂತೆ. ಮಣ್ಣನ್ನು ಕೆಳಗಿಳಿಸಿ, ಪಾತಿಯನ್ನು ದೂರ ಸರಿಸಿ, ಗೋಡೆಯ ಸುತ್ತ ಎರಡು ಮೂರು ಅಡಿ ಅಗಲದ ಕಾಂಕ್ರೀಟ್ ಅಥವಾ ಕಲ್ಲುಹಾಸನ್ನು ಹೊರಕ್ಕೆ ವಾಟ ಕೊಟ್ಟು ಮಾಡಿಸಿ. ಇಷ್ಟಾದ ಮೇಲೂ ತೇವ ಏರುತ್ತಿದ್ದರೆ, ಬುಡದ ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಸಾಲಾಗಿ ರಂಧ್ರ ಕೊರೆದು ನೀರು ತಡೆಯುವ ರಾಸಾಯನಿಕ ತುಂಬುವ ಕೆಲಸವಿದೆ. ಅದು ದುಬಾರಿ, ಅನುಭವಿಗಳಿಂದಲೇ ಆಗಬೇಕು, ಕಲ್ಲು ಮಣ್ಣು ಬೆರೆತ ದಪ್ಪ ಗೋಡೆಗಳಲ್ಲಿ ಅದರ ಫಲ ಅಷ್ಟಕ್ಕಷ್ಟೇ. ಉಪ್ಪು ತುಂಬಿದ ಹಳೆಯ ಗಿಲಾವನ್ನಂತೂ ತೆಗೆಯಲೇಬೇಕು, ಒದ್ದೆಯ ಅಂಚಿಗಿಂತ ಒಂದಡಿ ಮೇಲಿನವರೆಗೂ.

ದುರಸ್ತಿ ಆದ ಮೇಲೆ ಎಷ್ಟು ದಿನ ಬಿಟ್ಟು ಬಣ್ಣ ಹೊಡೆಸಬೇಕು?

ಹೊಸ ಗಿಲಾವಿಗೆ ಕನಿಷ್ಠ 28 ದಿನ. ಹಳೆಯ ಗೋಡೆ ಆಳಕ್ಕೆ ನೆನೆದಿದ್ದರೆ ಅದಕ್ಕೂ ಹೆಚ್ಚು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ.

## ಹೊಸದಾಗಿ ಕಟ್ಟುವವರಿಗೆ

ಹೊರ ಗಿಲಾವಿಗೆ ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಆಗಲ್ವಾ?

ಗಟ್ಟಿಯಾಗುತ್ತದೆ, ಅದರ ಜೊತೆಗೆ ಹೆಚ್ಚು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಹಿಂದಿನ ಗೋಡೆಗಿಂತ ಗಿಲಾವು ಗಟ್ಟಿಯಾಗಿರಬಾರದು, ಕೆಳಗಿನ ಕೋಟಿಗಿಂತ ಮೇಲಿನ ಕೋಟು ಗಟ್ಟಿಯಾಗಿರಬಾರದು ಎಂಬುದು ಹಳೆಯ ನಿಯಮ. ಒಂದು ಪಾಲು ಸಿಮೆಂಟಿಗೆ ನಾಲ್ಕರಿಂದ ಆರು ಪಾಲು ಮರಳು ರೂಢಿಯಲ್ಲಿದೆ. ಸ್ವಲ್ಪ ಸುಣ್ಣ ಸೇರಿಸಿದರೆ ಗಿಲಾವು ಮೆದುವಾಗಿ, ಸಣ್ಣ ಅಲುಗಾಟವನ್ನು ತಡೆದುಕೊಳ್ಳುತ್ತದೆ. ಹೊರಗೋಡೆಗೆ ಎರಡು ಕೋಟು ಬೇಕು: ಸುಮಾರು 12 ಮಿ.ಮೀ.ನ ಮೊದಲನೆಯದನ್ನು ಕರಣೆಯಿಂದ ಕೆರೆದು ಒರಟು ಮಾಡಿ, ಅದು ಕುಗ್ಗುವುದು ಮುಗಿದ ಮೇಲೆ 8 ಮಿ.ಮೀ.ನ ಎರಡನೆಯದು. ಒಂದೇ ಏಟಿಗೆ 20 ಮಿ.ಮೀ. ಬಳಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ.

ಇಲ್ಲಿನ ಗಿಲಾವಿನ ದೊಡ್ಡ ಶತ್ರು ಬಿಸಿಗಾಳಿ. ಏಪ್ರಿಲ್ ಮಧ್ಯಾಹ್ನ ಬಳಿದ ಗಿಲಾವು ಸಿಮೆಂಟು ಗಟ್ಟಿಯಾಗುವ ಮೊದಲೇ ಒಣಗಿಬಿಡುತ್ತದೆ. ಪೂರ್ವದ ಗೋಡೆಯನ್ನು ಮಧ್ಯಾಹ್ನ, ಪಶ್ಚಿಮದ ಗೋಡೆಯನ್ನು ಬೆಳಿಗ್ಗೆ ಮಾಡಿಸಿ, ಒದ್ದೆ ಗೋಣಿಚೀಲ ಇಳಿಬಿಟ್ಟು, ಕನಿಷ್ಠ ಏಳು ದಿನ ನೀರುಣಿಸಬೇಕು. ನೀರು ಹಾಕುವ ಹುಡುಗ ಭಾನುವಾರ ಬರದಿದ್ದರೆ ಆ ಭಾನುವಾರ ನೀವೇ ಪೈಪು ಹಿಡಿಯಬೇಕು.

ಬೋರ್ ನೀರಲ್ಲೇ ಕಲಸಿ, ಬೋರ್ ನೀರಲ್ಲೇ ಕ್ಯೂರಿಂಗ್ ಮಾಡಿದರೆ ತಪ್ಪಾ?

ನೀರು ಪರೀಕ್ಷೆ ಮಾಡಿಸಿದ್ದರೆ ತಪ್ಪಿಲ್ಲ. ಭಾರತೀಯ ಮಾನಕ 456ರ ಪ್ರಕಾರ ಕಾಂಕ್ರೀಟಿಗೆ ಬಳಸುವ ನೀರಿನ ಪಿಎಚ್ 6ಕ್ಕಿಂತ ಕಡಿಮೆಯಿರಬಾರದು, ಸಲ್ಫೇಟ್ ಲೀಟರಿಗೆ 400 ಮಿ.ಗ್ರಾಂ ಮೀರಬಾರದು, ಕಂಬಿ ಇರುವ ಕಾಂಕ್ರೀಟಿನಲ್ಲಿ ಕ್ಲೋರೈಡ್ 500 ಮಿ.ಗ್ರಾಂ ಮೀರಬಾರದು. ಗಿಲಾವಿಗೂ ಇದೇ ಅಳತೆ ಇಟ್ಟುಕೊಳ್ಳುವುದು ಕ್ಷೇಮ. ನಮ್ಮ ಕಡೆಯ ಎಷ್ಟೋ ಬೋರುಗಳ ನೀರು ಪಾತ್ರೆಯಲ್ಲಿ ಕಾಯಿಸಿದರೆ ಬಿಳಿಯ ಪದರ ಬಿಡುತ್ತದೆ. ಅದೇ ಪದರವನ್ನು ಏಳು ದಿನ ಗೋಡೆಗೆ ಉಣಿಸುತ್ತಿದ್ದೀರಿ ಎಂಬುದು ನೆನಪಿರಲಿ.

ಸಜ್ಜಾ, ಕಿಟಕಿ ವಿಷಯದಲ್ಲಿ ಮೇಸ್ತ್ರಿಗೆ ಏನೇನು ಹೇಳಬೇಕು?

ಸಜ್ಜಾ ಒಂದೂವರೆ ಅಡಿಗಿಂತ ಕಡಿಮೆಯಾಗದಿರಲಿ, ಹೊರಕ್ಕೆ ವಾಟವಿರಲಿ, ಗೋಡೆಗೆ ಕೂಡುವ ಮೇಲಿನ ಸಂದು ಗುಂಡಗಿರಲಿ. ಅದರ ಅಡಿಯಲ್ಲಿ, ಅಂಚಿನಿಂದ ಎರಡಂಗುಲ ಒಳಗೆ, ಅರ್ಧ ಅಂಗುಲ ಅಗಲದ ಗೀರು ಬೇಕೇ ಬೇಕು. ಗೀರಿಲ್ಲದ ಸಜ್ಜಾದ ಅಂಚಿಗೆ ಬಂದ ಹನಿ ಕೆಳಗೆ ಬೀಳದೆ, ಅಡಿಮೈಗೆ ಅಂಟಿಕೊಂಡೇ ಹರಿದು ಗೋಡೆಗೆ ಹೋಗುತ್ತದೆ. ಗಿಲಾವು ಹಸಿಯಾಗಿದ್ದಾಗ ಒಂದು ಕಂಬಿಯ ತುಂಡನ್ನು ಒತ್ತಿ ತೆಗೆದರೆ ಗೀರು ಸಿದ್ಧ, ಐದು ನಿಮಿಷದ ಕೆಲಸ. ಗೌಂಡಿಗಳು ಮರೆಯುವುದೂ ಇದನ್ನೇ. ಕಿಟಕಿಯ ಕೆಳಗಲ್ಲು ಹೊರಕ್ಕೆ ಇಳಿಜಾರಾಗಿ, ಗೋಡೆಯಿಂದ ಒಂದೆರಡು ಅಂಗುಲ ಮುಂದೆ ಬಂದು, ಎರಡೂ ತುದಿಗಳಲ್ಲಿ ಗೋಡೆಯೊಳಕ್ಕೆ ಸ್ವಲ್ಪ ಸೇರಿರಬೇಕು. ಕಿಟಕಿಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಕಲ್ಲಿನ ತುದಿಗಳಲ್ಲೇ ಮೊದಲು ಹೇಳಿದ ಮೀಸೆ ಗೆರೆಗಳು ಹುಟ್ಟುತ್ತವೆ.

## ಇನ್ನೂ ಆಳದ ಪ್ರಶ್ನೆಗಳು

ಅಜ್ಜನ ಕಾಲದ ಮಣ್ಣಿನ ಗೋಡೆ ಮನೆ. ಸಿಮೆಂಟ್ ಗಿಲಾವು ಮಾಡಿಸಿದ ಮೇಲೇ ಕೆಟ್ಟಿದ್ದು ಯಾಕೆ?

ಚಿತ್ರದುರ್ಗದ ಕೋಟೆಯೊಳಗೆ ಇನ್ನೂ ನಿಂತಿರುವ ಮಣ್ಣಿನ ಗೋಡೆಗಳನ್ನು ನೋಡಿದ್ದೀರಿ. ಸೂರೇ ಇಲ್ಲದೆ ಅವು ಇಷ್ಟು ಕಾಲ ಉಳಿದಿರುವುದಕ್ಕೆ ಒಣ ಹವೆಯೂ ಕಾರಣ, ನೆನೆದ ಮೇಲೆ ಪೂರ್ತಿ ಆರಲು ಅವುಗಳಿಗೆ ಅಡ್ಡಿಯಿಲ್ಲದಿರುವುದೂ ಕಾರಣ. ಮಣ್ಣಿನ ಗೋಡೆ ಉಸಿರಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಅದರ ಮೇಲೆ ಸಿಮೆಂಟು ಬಳಿದರೆ ಎರಡು ತೊಂದರೆ: ಬಿರುಕಿನಿಂದ ಒಳಹೋದ ನೀರು ಹೊರಬರಲಾರದೆ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಮತ್ತು ಗಟ್ಟಿ ಚಿಪ್ಪು ಮೆತ್ತನೆಯ ಗೋಡೆಯನ್ನು ಹಿಡಿದುಕೊಳ್ಳಲಾರದೆ ಹಲಗೆಯಂತೆ ಕಳಚುತ್ತದೆ, ಕಳಚುವಾಗ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಇಂಥ ಗೋಡೆಗೆ ಸುಣ್ಣದ ಗಾರೆಯೋ, ಹುಲ್ಲು ಬೆರೆಸಿ ಕೊಳೆಸಿದ ಮಣ್ಣಿನ ಗಿಲಾವೋ ತಕ್ಕದ್ದು. ಮೇಲೆ ಸುಣ್ಣವನ್ನೇ ಬಳಿಯಬೇಕು. ಮಾಳಿಗೆಯ ಮೇಲೆ ಹಿರಿಯರು ಕರಲು ಮಣ್ಣು, ಅಂದರೆ ಚೌಳು ಮಣ್ಣು, ಹಾಕುತ್ತಿದ್ದದ್ದಕ್ಕೂ ಅರ್ಥವಿದೆ: ಆ ಮಣ್ಣಿನ ನಯವಾದ ಕಣಗಳು ಒದ್ದೆಯಾದಾಗ ಚದುರಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮಾಳಿಗೆಗೆ ನೀರು ಬಿಡದ ಮಣ್ಣು, ಗೋಡೆಗೆ ನೀರು ಆರಿಸುವ ಮಣ್ಣು ಎಂದು ಅವರು ಎರಡನ್ನೂ ಬೇರೆ ಮಾಡಿ ತಿಳಿದಿದ್ದರು.

ರಬ್ಬರಿನ ಹಾಗಿರೋ ಎಲಾಸ್ಟೊಮೆರಿಕ್ ಬಣ್ಣವೋ, ಬಣ್ಣವಿಲ್ಲದ ಸಿಲೇನ್ ದ್ರಾವಣವೋ, ಯಾವುದು ಒಳ್ಳೆಯದು?

ಎರಡರ ಕೆಲಸವೇ ಬೇರೆ. ಎಲಾಸ್ಟೊಮೆರಿಕ್ ಬಣ್ಣ ಗೋಡೆಯ ಮೇಲೆ ಹಿಗ್ಗುವ ಪೊರೆಯಾಗಿ ಕೂತು ಕೂದಲೆಳೆಯ ಬಿರುಕುಗಳಿಗೆ ಸೇತುವೆಯಾಗುತ್ತದೆ, ಆದರೆ ಒಳಗಿನ ಆವಿ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ. ಸಿಲೇನ್, ಸಿಲಾಕ್ಸೇನ್ ದ್ರಾವಣಗಳು ರಂಧ್ರಗಳ ಗೋಡೆಗೆ ಅಂಟಿ, ಕೆಸುವಿನ ಎಲೆಯಂತೆ ನೀರನ್ನು ಉರುಳಿಸುತ್ತವೆ. ರಂಧ್ರ ತೆರೆದೇ ಇರುವುದರಿಂದ ಆವಿಗೆ ತಡೆಯಿಲ್ಲ, ಆದರೆ ಬಿರುಕನ್ನು ಅವು ಮುಚ್ಚಲಾರವು. ಬುಡದಿಂದ ತೇವ ಏರುವ ಗೋಡೆಗೆ ಮೊದಲನೆಯದು ಸಲ್ಲ. ಉಪ್ಪು ತುಂಬಿದ ಗೋಡೆಗೆ ಎರಡನೆಯದೂ ಸಲ್ಲ, ಏಕೆಂದರೆ ಉಪ್ಪು ಹೊರಮೈಯಲ್ಲಿ ಹರಳುಗಟ್ಟುವ ಬದಲು ದ್ರಾವಣ ಇಳಿದ ಆಳದ ಹಿಂದೆ ಹರಳುಗಟ್ಟಿ, ಪದರವನ್ನೇ ತಳ್ಳುತ್ತದೆ.

ಸಜ್ಜಾದ ಅಡಿಯಲ್ಲಿ ಗಿಲಾವು ಬಿದ್ದು ಕಂಬಿ ಕಾಣ್ತಿದೆ. ಅದರ ಮೇಲೇ ಗಿಲಾವು ಮಾಡಿಸಿಬಿಡಬಹುದಾ?

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಗಿಲಾವನ್ನು ಕೆಳಕ್ಕೆ ತಳ್ಳಿದ್ದು ಅದೇ. ತುಕ್ಕಿನ ಮೇಲೆ ಹೊಸ ಗಿಲಾವು ಬಳಿದರೆ ಅದನ್ನೂ ತಳ್ಳುತ್ತದೆ, ಈ ಸಲ ದೊಡ್ಡ ತುಂಡಾಗಿ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಬಿಡಿಸಿ, ಕಂಬಿ ಹೊಳೆಯುವವರೆಗೆ ಉಜ್ಜಿ, ಎಷ್ಟು ಸವೆದಿದೆ ಎಂದು ಇಂಜಿನಿಯರು ಅಳೆದು, ತೀರ ಸವೆದಿದ್ದರೆ ಹೊಸ ಕಂಬಿ ಕೂಡಿಸಿ, ತುಕ್ಕು ತಡೆಯುವ ಲೇಪ ಕೊಟ್ಟ ಮೇಲೆಯೇ ದುರಸ್ತಿಯ ಗಾರೆ ತುಂಬಬೇಕು. ಅಲ್ಲಿಯವರೆಗೆ ಆ ಸಜ್ಜಾದ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ, ಅದರ ಮೇಲೆ ಹತ್ತಿ ನಿಂತು ಬಣ್ಣ ಹೊಡೆಯಲು ಯಾರಿಗೂ ಹೇಳಬೇಡಿ.